ಹಸಿರು ಚುಕ್ಕೆ ಹೇಳದ ಲೆಕ್ಕ

ಕಲಬುರಗಿಯ ಹೋಟೆಲುಗಳಲ್ಲಿ ಎರಡು ಬಗೆಯ ಸಸ್ಯಾಹಾರಿ ಊಟ ಸಿಗುತ್ತದೆ. ಒಂದರಲ್ಲಿ ಬೆಣ್ಣೆ ಸವರಿದ ನಾನ್, ಪನೀರ್ ಮಸಾಲ, ಜೀರಾ ರೈಸ್, ಕೊನೆಗೆ ಗುಲಾಬ್ ಜಾಮೂನು. ಇನ್ನೊಂದರಲ್ಲಿ ಜೋಳದ ರೊಟ್ಟಿ, ತೊಗರಿ ಬೇಳೆ, ಪುಂಡಿ ಪಲ್ಯ, ಶೇಂಗಾ ಹಿಂಡಿ (ಚಟ್ನಿ ಪುಡಿ), ಹಸಿ ಉಳ್ಳಾಗಡ್ಡಿ, ಬಟ್ಟಲು ಮೊಸರು. ಎರಡರಲ್ಲೂ ಮಾಂಸದ ಚೂರಿಲ್ಲ, ಎರಡಕ್ಕೂ ಹಸಿರು ಚುಕ್ಕೆ ಸಲ್ಲುತ್ತದೆ. ಪರಿಸರದ ಕಾಳಜಿಯಿಂದ ಸಸ್ಯಾಹಾರಕ್ಕೆ ಹೊರಳಬೇಕು ಎನ್ನುವವರು ಇವೆರಡನ್ನೂ ಒಂದೇ ಸಾಲಿನಲ್ಲಿ ಕೂರಿಸಿಬಿಡುತ್ತಾರೆ. ನೆಲ, ನೀರು, ಗಾಳಿಯ ಲೆಕ್ಕ ತೆಗೆದರೆ ಇವೆರಡಕ್ಕೂ ದೂರದ ಸಂಬಂಧವೂ ಇಲ್ಲ.

ಒಟ್ಟಾರೆ ನೋಡಿದರೆ ಸಸ್ಯಾಹಾರ ಭೂಮಿಗೆ ಹಗುರ ಎಂಬುದರಲ್ಲಿ ಅನುಮಾನ ಬೇಡ. ಕಾರಣ ಸರಳವಾಗಿದೆ. ಪ್ರಾಣಿ ತಿಂದ ಮೇವೆಲ್ಲ ಮಾಂಸವಾಗುವುದಿಲ್ಲ. ಹೆಚ್ಚಿನ ಪಾಲು ಅದರ ಓಡಾಟಕ್ಕೆ, ಮೈ ಬಿಸಿಗೆ, ಎಲುಬು ಪುಕ್ಕಗಳಿಗೆ ಹೋಗುತ್ತದೆ. ಇದ್ದುದರಲ್ಲಿ ಮಿತವ್ಯಯಿ ಎನಿಸಿಕೊಂಡ ಬ್ರಾಯ್ಲರ್ ಕೋಳಿಯೂ ಒಂದು ಕಿಲೋ ತೂಗಲು ಎರಡು ಕಿಲೋ ಹತ್ತಿರದಷ್ಟು ಆಹಾರ ತಿನ್ನುತ್ತದೆ. ಆ ಆಹಾರ ಮುಖ್ಯವಾಗಿ ಗೋವಿನಜೋಳ ಮತ್ತು ಸೋಯಾ ಹಿಂಡಿ. ಬೀದರ್ ಜಿಲ್ಲೆಯಲ್ಲಿ ಮುಂಗಾರಿನಲ್ಲಿ ಕಣ್ಣು ಹಾಯಿಸಿದಷ್ಟು ದೂರ ಕಾಣುವ ಸೋಯಾ ಅವರೆಯನ್ನು ನಾವು ನೇರವಾಗಿ ತಿನ್ನುವುದು ಅಪರೂಪ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಗೆ ಕೋಳಿ ಫಾರಂಗಳೇ ದೊಡ್ಡ ಗಿರಾಕಿ.

ಆಡು, ಕುರಿ, ದನ, ಎಮ್ಮೆಗಳದ್ದು ಬೇರೆಯೇ ಕತೆ. ಮೆಲುಕು ಹಾಕುವ ಈ ಪ್ರಾಣಿಗಳ ಮೊದಲ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಹುಲ್ಲನ್ನು ಹುದುಗಿಸುವಾಗ ಮೀಥೇನ್ ಅನಿಲ ಹುಟ್ಟುತ್ತದೆ. ಅದರ ಬಹುಪಾಲು ಹೊರಬರುವುದು ತೇಗಿನ ಮೂಲಕ, ಜನ ನಗುನಗುತ್ತಾ ಊಹಿಸುವ ದಾರಿಯಿಂದಲ್ಲ. ಮೀಥೇನ್ ಗಾಳಿಯಲ್ಲಿ ಉಳಿಯುವುದು ಸರಾಸರಿ ಹನ್ನೆರಡು ವರ್ಷದಷ್ಟು. ಆದರೂ ನೂರು ವರ್ಷದ ಲೆಕ್ಕದಲ್ಲಿ ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 27 ಪಟ್ಟು ಹೆಚ್ಚು ಶಾಖ ಹಿಡಿದಿಡುತ್ತದೆ.

ಈ ಹೋಲಿಕೆಗಳಿಗೆಲ್ಲ ಜಗತ್ತು ಈಗ ನೆಚ್ಚಿಕೊಂಡಿರುವುದು 2018ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಜೋಸೆಫ್ ಪೂರ್ ಮತ್ತು ಥಾಮಸ್ ನೆಮೆಚೆಕ್ ಪ್ರಕಟಿಸಿದ ಅಧ್ಯಯನವನ್ನು. 119 ದೇಶಗಳ ಸುಮಾರು 38,700 ಹೊಲ, ಫಾರಂಗಳ ಮಾಹಿತಿ ಅದರಲ್ಲಿದೆ. ಕಿಲೋ ಲೆಕ್ಕಕ್ಕಿಂತ ಪ್ರೊಟೀನ್ ಲೆಕ್ಕದಲ್ಲಿ ಅದನ್ನು ಓದುವುದು ಮೇಲು, ಏಕೆಂದರೆ ಹಾಲಿನಲ್ಲಿ ಬಹುಪಾಲು ನೀರು, ಒಣ ಬೇಳೆಯಲ್ಲಿ ನೀರು ತೀರ ಕಡಿಮೆ. 100 ಗ್ರಾಂ ಪ್ರೊಟೀನ್ ಪಡೆಯಲು ಕುರಿ ಮಾಂಸವಾದರೆ ಸುಮಾರು 20 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲ ಗಾಳಿಗೆ ಸೇರುತ್ತದೆ. ಚೀಸ್ ಆದರೆ 11, ಹಾಲಾದರೆ 9.5, ಕೋಳಿಯಾದರೆ 5.7, ಮೊಟ್ಟೆಯಾದರೆ 4.2. ಬೇಳೆಕಾಳಾದರೆ ಒಂದು ಕಿಲೋ ಕೂಡ ಇಲ್ಲ.

ಈ ಅಂಕಿಗಳನ್ನು ಇನ್ನೊಮ್ಮೆ ಓದಿ. ಹಾಲು ಮತ್ತು ಚೀಸ್ ಕೋಳಿಗಿಂತ ಮೇಲಿವೆ. ಮಟನ್ ಬಿಟ್ಟು ದಿನಾ ಪನೀರ್ ತಿನ್ನತೊಡಗಿದವರು ಭೂಮಿಯ ಹೊರೆಯನ್ನು ಇಳಿಸಿದ್ದಾರೆ, ನಿಜ. ಕೋಳಿ ಬಿಟ್ಟು ಪನೀರ್ ಹಿಡಿದವರು ಇಳಿಸಿದ್ದಾರೆಂದು ಹೇಳಲು ನನಗೆ ಧೈರ್ಯವಿಲ್ಲ. ಒಂದು ಕಿಲೋ ಪನೀರಿಗೆ ಐದಾರು ಲೀಟರ್ ಹಾಲು ಬೇಕು. ಹಾಲು ಸಸ್ಯಾಹಾರಿಗಳಿಗೆ ಪ್ರೀತಿಯ ವಸ್ತು, ಆದ್ದರಿಂದಲೇ ಈ ಮಾತು ಕೇಳಲು ಯಾರಿಗೂ ಇಷ್ಟವಿಲ್ಲ.

ಹಾಗೆಂದು ಜಾಗತಿಕ ಸರಾಸರಿಯನ್ನು ನಮ್ಮ ಹಟ್ಟಿಗೆ ಹಾಗೇ ತಂದು ಕಟ್ಟುವುದೂ ಸರಿಯಲ್ಲ. ಬೀದರ್ ಸೀಮೆಯ ದೇವಣಿ ತಳಿಯನ್ನೇ ನೋಡಿ. ಹೋರಿ ಗಳೆ ಹೊಡೆಯುತ್ತದೆ, ಆಕಳು ಮನೆಗೆ ಸಾಕಾಗುವಷ್ಟು ಹಾಲು ಕೊಡುತ್ತದೆ, ಎರಡೂ ತಿನ್ನುವುದು ಜೋಳದ ಕಣಿಕೆ, ತೊಗರಿಯ ಹೊಟ್ಟು, ಬದುವಿನ ಹುಲ್ಲು. ಮನುಷ್ಯ ತಿನ್ನಲಾಗದ್ದನ್ನು ತಿಂದು ಹಾಲು, ಗೊಬ್ಬರ ಕೊಡುವ ದನವೂ ಕಾಳು ತಿಂದು ಬೆಳೆಯುವ ಅಮೆರಿಕದ ದನವೂ ಒಂದೇ ಅಲ್ಲ. ಆದರೆ ಒರಟು ಮೇವು ತಿಂದು ಕಡಿಮೆ ಹಾಲು ಕೊಡುವ ದನದಲ್ಲಿ ಲೀಟರಿಗೆ ಲೆಕ್ಕ ಹಾಕಿದರೆ ಮೀಥೇನ್ ಹೆಚ್ಚೇ ಬರುತ್ತದೆ. ಮೊಸರು, ಮಜ್ಜಿಗೆ ಊಟದ ಪಕ್ಕದಲ್ಲಿರಲಿ. ಊಟದ ನಡುವೆ ಇರಬೇಕಾದ್ದು ಬೇಳೆ ಎನ್ನುವಷ್ಟು ಈ ಲೆಕ್ಕದಿಂದ ಧೈರ್ಯವಾಗಿ ಹೇಳಬಹುದು.

ತೊಗರಿಯ ಬೇರಿನಲ್ಲಿ

ಬೇಳೆ ಇಷ್ಟು ಹಗುರವಾಗಿರಲು ಏನು ಕಾರಣ? ಉತ್ತರ ನೆಲದೊಳಗಿದೆ. ಆಗಸ್ಟ್ ತಿಂಗಳಲ್ಲಿ, ಬಿತ್ತಿ ಒಂದೂವರೆ ತಿಂಗಳಾದ ತೊಗರಿ ಗಿಡವೊಂದನ್ನು ಸುತ್ತಲಿನ ಎರೆಮಣ್ಣಿನ ಹೆಂಟೆ ಸಮೇತ ಮೆಲ್ಲಗೆ ಎತ್ತಿ, ನೀರಿನಲ್ಲಿ ಅದ್ದಿ ತೊಳೆಯಿರಿ. ಬೇರಿಗೆ ಸಣ್ಣ ಗಂಟುಗಳು ಅಂಟಿರುತ್ತವೆ. ಒಂದು ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಹತ್ತಿರದ ಸಂಬಂಧಿಯಾದ ವಸ್ತುವೊಂದು ಆ ಬಣ್ಣ ಕೊಡುತ್ತದೆ. ಬಣ್ಣ ಕೆಂಪಗಿದ್ದರೆ ಗಂಟು ಕೆಲಸ ಮಾಡುತ್ತಿದೆ ಎಂದರ್ಥ. ಬೂದಿ ಬಣ್ಣವೋ ಹಸಿರೋ ಆಗಿದ್ದರೆ ಅದರ ಕೆಲಸ ನಿಂತಿದೆ. ಒಳಗಿರುವ ರೈಜೋಬಿಯಂ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ, ಗಿಡ ಪ್ರತಿಯಾಗಿ ಸಕ್ಕರೆ ಕೊಡುತ್ತದೆ.

ಇದೇ ಕೆಲಸವನ್ನು ಕಾರ್ಖಾನೆಯಲ್ಲಿ ಮಾಡಿದರೆ ಅದಕ್ಕೆ ಯೂರಿಯಾ ಎಂದು ಹೆಸರು. ಅದಕ್ಕೆ ನೈಸರ್ಗಿಕ ಅನಿಲ ಬೇಕು, ಭಾರೀ ಒತ್ತಡ, ಭಾರೀ ಶಾಖ ಬೇಕು. ಹೊಲಕ್ಕೆ ಬಿದ್ದ ಮೇಲೂ ಅದರ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ ಏರುತ್ತದೆ, ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ 273 ಪಟ್ಟು ಹೆಚ್ಚು ಶಾಖ ಹಿಡಿದಿಡುತ್ತದೆ. ತೊಗರಿ ತನಗೆ ಬೇಕಾದಷ್ಟನ್ನು ಬಹುಮಟ್ಟಿಗೆ ತಾನೇ ಮಾಡಿಕೊಂಡು, ಎಲೆ ಉದುರಿಸಿ, ಬೇರು ಬಿಟ್ಟು, ಮುಂದಿನ ಬೆಳೆಗೆ ಹೆಕ್ಟೇರಿಗೆ 40 ಕಿಲೋವರೆಗೂ ಸಾರಜನಕ ಉಳಿಸಿಹೋಗುತ್ತದೆ ಎಂಬುದು ಕೃಷಿ ವಿಜ್ಞಾನಿಗಳ ಅಂದಾಜು. 45 ಕಿಲೋದ ಯೂರಿಯಾ ಚೀಲದಲ್ಲಿ ಇರುವ ಸಾರಜನಕ ಸುಮಾರು 20 ಕಿಲೋ. ಎರಡು ಚೀಲ ಪುಕ್ಕಟೆ ಬಂದಂತಾಯಿತು.

ತೊಗರಿಯ ಬೇರು ಆಳಕ್ಕೆ ಇಳಿಯುವ ಜಾತಿಯದು, ಮಳೆ ಕೈಕೊಟ್ಟಾಗ ಕೆಳಗಿನ ತೇವ ಹುಡುಕಿಕೊಳ್ಳುತ್ತದೆ. ಅದರ ನಡುವೆ ಅಕ್ಕಡಿಯಾಗಿ ಹೆಸರೋ ಉದ್ದೋ ಸಜ್ಜೆಯೋ ಹಾಕುವುದು ಇಲ್ಲಿನ ಹಳೆಯ ಪದ್ಧತಿ. ಹೆಸರು ಎರಡೂವರೆ ತಿಂಗಳಿಗೆ ಮನೆ ಸೇರಿದ ಮೇಲೆ ತೊಗರಿಗೆ ಹೊಲವೆಲ್ಲ ತನ್ನದೇ. ರಾಶಿ ಮುಗಿದ ಮೇಲೆ ಕಟ್ಟಿಗೆ ಒಲೆಗೆ, ಹೊಟ್ಟು ದನಕ್ಕೆ. 2019ರಲ್ಲಿ ಗುಲ್ಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಸೂಚಿಕೆ ಸಿಕ್ಕಾಗ ಜನ ರುಚಿಯ ಬಗ್ಗೆ ಹೆಮ್ಮೆಪಟ್ಟರು. ಈ ಬೇರಿನ ಬಗ್ಗೆ ಮಾತಾಡಿದವರು ಕಡಿಮೆ. ಇಷ್ಟು ಹೊಗಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ವರ್ಷ ವರ್ಷ ಅದೇ ಹೊಲದಲ್ಲಿ ತೊಗರಿಯನ್ನೇ ಹಾಕಿದರೆ ಮಣ್ಣಿನಲ್ಲಿ ಶಿಲೀಂಧ್ರ ಕುಳಿತು ನೆಟೆ ರೋಗ ಬರುತ್ತದೆ, ನಿಂತ ಗಿಡ ನಿಂತಲ್ಲೇ ಒಣಗುತ್ತದೆ. ಒಂದೇ ಬೆಳೆಗೆ ಜೋತುಬಿದ್ದ ನೆಲಕ್ಕೂ ಒಂದೇ ಕಾಳಿಗೆ ಜೋತುಬಿದ್ದ ಅಡುಗೆಮನೆಗೂ ಒಳ್ಳೆಯದಾಗುವುದಿಲ್ಲ.

ನಾಲ್ಕು ಸಾವಿರ ಲೀಟರಿನ ಗೊಂದಲ

ನೀರಿನ ಲೆಕ್ಕ ತೆಗೆದಾಗ ಸಸ್ಯಾಹಾರದ ಪರ ವಾದಿಸುವವರು ಕಕ್ಕಾಬಿಕ್ಕಿಯಾಗುವುದುಂಟು. ಒಂದು ಕಿಲೋ ಬೇಳೆಕಾಳು ಬೆಳೆಯಲು ಜಾಗತಿಕ ಸರಾಸರಿಯಲ್ಲಿ ಸುಮಾರು 4,000 ಲೀಟರ್ ನೀರು ಬೇಕು. ಒಂದು ಕಿಲೋ ಕೋಳಿಗೆ ಸುಮಾರು 4,300. ಹಾಗಾದರೆ ಬೇಳೆಯಿಂದ ಉಳಿಸಿದ್ದೇನು?

ನೀರು ಯಾವುದು ಎಂದು ಕೇಳಬೇಕು. ಆ 4,000ದಲ್ಲಿ ಬಹುಪಾಲು ಹೊಲದ ಮೇಲೆ ಬಿದ್ದ ಮಳೆ, ಮಣ್ಣು ಹಿಡಿದಿಟ್ಟ ತೇವ. ತೊಗರಿ ಬಿತ್ತದಿದ್ದರೂ ಆ ನೀರು ಹುಲ್ಲಿನ ಮೂಲಕವೋ ಬಿರುಕಿನ ಮೂಲಕವೋ ಗಾಳಿಗೆ ಹೋಗುತ್ತಿತ್ತು. ನದಿ, ಕೆರೆ, ಕೊಳವೆಬಾವಿಗಳಿಂದ ಎತ್ತಿದ ನೀರು ಮಾತ್ರ ಇನ್ನೊಬ್ಬರ ಬಾಯಿಂದ ಕಿತ್ತ ನೀರು. ಬೇಳೆಕಾಳಿನಲ್ಲಿ ಅಂಥ ನೀರು ಕಿಲೋಗೆ ಸರಾಸರಿ 140 ಲೀಟರ್, ಕೋಳಿಯಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು. ಕಲಬುರಗಿಯ ತೊಗರಿ ಹೆಚ್ಚುಕಡಿಮೆ ಪೂರ್ತಿ ಮಳೆಯಾಶ್ರಿತ, ಆದ್ದರಿಂದ ಇಲ್ಲಿ ಆ 140 ಕೂಡ ಕೂಡಿಸಬೇಕಾಗಿಲ್ಲ. ಹಿಂಗಾರಿ ಬಿಳಿಜೋಳದ್ದು ಇನ್ನೂ ಸೋಜಿಗ. ಮಳೆಗಾಲ ಮುಗಿಯುವ ಹೊತ್ತಿಗೆ ಬಿತ್ತಿದ್ದು, ಎರೆಭೂಮಿ ಕುಡಿದಿಟ್ಟುಕೊಂಡ ತೇವವನ್ನೇ ನಂಬಿ, ಚಳಿಗಾಲ ಕಳೆದು, ಬೇಸಿಗೆಯ ಬಾಗಿಲಲ್ಲಿ ತೆನೆ ಕೊಡುತ್ತದೆ.

ಈಗ ಹಸಿರು ಚುಕ್ಕೆಯ ಇನ್ನೊಂದು ಪಕ್ಷಕ್ಕೆ ಬನ್ನಿ. ನಾರಾಯಣಪುರ ಜಲಾಶಯದ ಎಡದಂಡೆ ಕಾಲುವೆ ಬಂದ ಮೇಲೆ ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರ ಕಡೆ ಭತ್ತದ ಗದ್ದೆಗಳು ಹಬ್ಬಿದವು. ರೈತನ ಕೈಗೆ ದುಡ್ಡು ಬಂತು, ಅದನ್ನು ಹಂಗಿಸುವ ಹಕ್ಕು ಊಟ ಮಾಡುವವನಿಗಿಲ್ಲ. ಆದರೆ ನೀರು ನಿಂತ ಗದ್ದೆಯ ಮಣ್ಣಿಗೆ ಗಾಳಿ ಸಿಗುವುದಿಲ್ಲ, ಗಾಳಿ ಬೇಡದ ಸೂಕ್ಷ್ಮಜೀವಿಗಳು ಅಲ್ಲಿ ಮೀಥೇನ್ ಹುಟ್ಟಿಸುತ್ತವೆ, ದನದ ಹೊಟ್ಟೆಯಲ್ಲಿ ಆಗುವುದೇ ಅಲ್ಲೂ ಆಗುತ್ತದೆ. ಗದ್ದೆಗೆ ಒಮ್ಮೆ ನೀರು ಕಟ್ಟಿ, ಆರಗೊಟ್ಟು, ಮತ್ತೆ ಕಟ್ಟಿದರೆ ಈ ಅನಿಲ ಬಹಳ ಕಡಿಮೆಯಾಗುತ್ತದೆ. ಕಾಲುವೆಯ ಕೊನೆಯ ಹೊಲದವನಿಗೆ ಮಾತ್ರ ಆರಗೊಡುವ ಧೈರ್ಯ ಬರುವುದಿಲ್ಲ, ಇವತ್ತು ಬಂದ ನೀರು ನಾಳೆ ಬರುತ್ತದೆಂಬ ನೆಚ್ಚಿಕೆ ಅವನಿಗಿಲ್ಲ. ಬೀದರ್, ಆಳಂದ, ಅಫಜಲಪುರಗಳ ಕಬ್ಬಿನ ಮಾತೂ ಹೀಗೆಯೇ. ವರ್ಷವಿಡೀ ನೆಲ ಹಿಡಿದು ನಿಂತು ನೀರು ಕುಡಿಯುವ ಬೆಳೆ ಅದು. ಅದರಿಂದ ಬಂದ ಸಕ್ಕರೆ ಅಪ್ಪಟ ಸಸ್ಯಾಹಾರ.

ಎಣ್ಣೆಯ ಕತೆ ಇನ್ನೂ ದೂರ ಹೋಗುತ್ತದೆ. ಹಿಂದೆ ಹಿಂಗಾರಿ ಜೋಳದ ಹೊಲದ ಅಂಚಿಗೆ ದನ ನುಗ್ಗದಂತೆ ಮುಳ್ಳಿನ ಕುಸುಬಿ ಹಾಕುತ್ತಿದ್ದರು. ಬೇಲಿಯೂ ಆಯಿತು, ಗಾಣಕ್ಕೆ ಕಾಳೂ ಆಯಿತು. ಇಂದು ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದ್ದು, ಅದರಲ್ಲಿ ದೊಡ್ಡ ಪಾಲು ಇಂಡೋನೇಷ್ಯಾ, ಮಲೇಷ್ಯಾಗಳ ತಾಳೆ ಎಣ್ಣೆ. ಆ ತೋಟಗಳಿಗಾಗಿ ಮಳೆಕಾಡು ಕಡಿದದ್ದು ಜಗತ್ತಿಗೇ ಗೊತ್ತು. ಸಂಜೆಯ ಮಿರ್ಚಿ ಭಜಿಯ ಹಿಂದೆ ಇಷ್ಟೆಲ್ಲ ಇದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನೂ ಸರಿಪಡಿಸಬೇಕು. ಸ್ಥಳೀಯ ಆಹಾರ ಒಳ್ಳೆಯದು, ಲಾರಿ ಹಡಗುಗಳ ಹೊಗೆ ಉಳಿಯುತ್ತದೆ ಎನ್ನುತ್ತಾರೆ. ಸಾಗಾಟದ ಪಾಲು ಆಹಾರದ ಒಟ್ಟು ಅನಿಲದಲ್ಲಿ ಸಾಮಾನ್ಯವಾಗಿ ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ. ಮೊಜಾಂಬಿಕ್, ತಾಂಜಾನಿಯಾ, ಮ್ಯಾನ್ಮಾರ್‌ಗಳಿಂದ ಹಡಗಿನಲ್ಲಿ ಬರುವ ತೊಗರಿಯೂ ಮಟನ್ನಿಗಿಂತ ಎಷ್ಟೋ ಹಗುರ. ಗಂಜ್ ಮಾರುಕಟ್ಟೆಯಲ್ಲಿ ಸಿಗುವ ಸ್ಥಳೀಯ ಬೇಳೆಯ ಹೆಚ್ಚುಗಾರಿಕೆ ಅದು ಮಳೆಯಲ್ಲಿ ಬೆಳೆದದ್ದು, ಅದರ ದುಡ್ಡು ಇಲ್ಲಿನ ಹೊಲಕ್ಕೇ ಮರಳುತ್ತದೆ ಎಂಬುದು.

ಬೀದರಿನಿಂದ ಹೈದರಾಬಾದಿಗೆ ಹೋಗುವ ದಾರಿಯಲ್ಲಿ ಪಟಾನ್‌ಚೆರು ಸಿಗುತ್ತದೆ. ಒಣಪ್ರದೇಶಗಳ ಕೃಷಿಗಾಗಿಯೇ 1972ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಇರುವುದು ಅಲ್ಲಿ. ಅದರ ಮುಖ್ಯ ಬೆಳೆಗಳು ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾ. ಮಳೆ ಕಡಿಮೆ ಇರುವ ಜಗತ್ತು ಏನು ತಿಂದು ಬದುಕಬೇಕು ಎಂಬುದಕ್ಕೆ ವಿಜ್ಞಾನಿಗಳು ಬರೆದ ಪಟ್ಟಿಯೂ ನಮ್ಮ ಅಜ್ಜಿಯರ ಅಡುಗೆಯ ಪಟ್ಟಿಯೂ ಒಂದೇ ಆಗಿಬಿಟ್ಟಿದೆ.

ಮೈಗೆ ಏನು ಬೇಕು

ಮಾಂಸ ಬಿಟ್ಟರೆ ಶಕ್ತಿ ಎಲ್ಲಿಂದ ಎಂದು ಮನೆಯ ಹಿರಿಯರು ಕೇಳುತ್ತಾರೆ, ಕೇಳುವುದು ನ್ಯಾಯವೇ. ಜೋಳದ ಪ್ರೊಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ತೊಗರಿಯಲ್ಲಿ ಅದು ಧಾರಾಳ. ತೊಗರಿಯಲ್ಲಿ ಮೆಥಿಯೊನಿನ್ ಎಂಬ ಇನ್ನೊಂದು ಅಂಶ ಕಡಿಮೆ. ಜೋಳ ಆ ಕೊರತೆ ತುಂಬುತ್ತದೆ. ರೊಟ್ಟಿ ಬೇಳೆಯ ಜೋಡಿ ನಾಲಿಗೆಗಷ್ಟೇ ಹೊಂದಿದ್ದಲ್ಲ. ತೊಂದರೆ ಇರುವುದು ಅಳತೆಯಲ್ಲಿ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ ಸೂಚಿಸುವ ದಿನದ ತಟ್ಟೆಯಲ್ಲಿ 250 ಗ್ರಾಂ ಧಾನ್ಯಕ್ಕೆ 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ ಇದೆ. ಒಂದು ಬಟ್ಟಲು ತೆಳುವಾದ ಸಾರಿನಲ್ಲಿ ಒಣ ಬೇಳೆ 25–30 ಗ್ರಾಂ ಇದ್ದರೆ ಹೆಚ್ಚು. ತಟ್ಟೆ ತುಂಬ ಅನ್ನ, ಮೇಲೆ ಎರಡು ಸೌಟು ನೀರು ಸಾರು ಸುರಿದುಕೊಂಡು ಸಸ್ಯಾಹಾರ ಎಂದರೆ ಮೈ ಒಪ್ಪುವುದಿಲ್ಲ. ಗಟ್ಟಿ ಬೇಳೆ, ಮೊಳಕೆ ಕಾಳು, ಶೇಂಗಾ ಇವೆಲ್ಲ ಸೇರಬೇಕು.

ಕಬ್ಬಿಣದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ ಇದೆ. ಸೊಪ್ಪು ಕಾಳುಗಳ ಕಬ್ಬಿಣವನ್ನು ಮೈ ಸುಲಭಕ್ಕೆ ಹೀರಿಕೊಳ್ಳುವುದಿಲ್ಲ. ಊಟದ ಮೇಲೆ ನಿಂಬೆ ಹಿಂಡಿದರೆ ಹೀರುವಿಕೆ ಹೆಚ್ಚುತ್ತದೆ, ಊಟವಾದೊಡನೆ ಚಹಾ ಕುಡಿದರೆ ತಗ್ಗುತ್ತದೆ. ಚಹಾವನ್ನು ಒಂದು ಗಂಟೆ ಮುಂದೂಡಿ ಎಂದು ಕಲಬುರಗಿಯಲ್ಲಿ ಹೇಳುವುದು ಕಷ್ಟದ ಕೆಲಸ, ಆದರೂ ಹೇಳುತ್ತಿದ್ದೇನೆ. ಬಿ12 ಜೀವಸತ್ವವನ್ನು ಗಿಡಮೂಲದ ಆಹಾರದಿಂದ ನೆಚ್ಚುವಂತಿಲ್ಲ. ಹಾಲು, ಮೊಸರು, ಮೊಟ್ಟೆಯಲ್ಲಿದೆ. ಅವನ್ನೂ ಬಿಡುವವರು ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಬೇಕು.

ಇದೇ ಕಾರಣಕ್ಕೆ ಶಾಲೆಯ ಮೊಟ್ಟೆಯ ಮಾತನ್ನು ಇಲ್ಲಿ ತರಬೇಕಾಗುತ್ತದೆ. 2021ರ ಡಿಸೆಂಬರಿನಲ್ಲಿ ಸರ್ಕಾರ ಕಲಬುರಗಿ, ಬೀದರ್, ಯಾದಗಿರಿ ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡತೊಡಗಿತು, ತಿನ್ನದವರಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ವಿರೋಧಿಸಿದರು. ನನ್ನ ಮಟ್ಟಿಗೆ ಇದರಲ್ಲಿ ಗೊಂದಲವಿಲ್ಲ. ಮೂರು ಹೊತ್ತು ಉಣ್ಣುವವನು ಯೋಚಿಸಿ ಬಿಡುವುದು ಬೇರೆ, ಬೆಳೆಯುವ ಮಗುವಿನ ತಟ್ಟೆಯಿಂದ ತೆಗೆಯುವುದು ಬೇರೆ. ಬಂದೇನವಾಜ್ ದರ್ಗಾದ ಸುತ್ತಲಿನ ಓಣಿಗಳಲ್ಲಿ ತಹಾರಿ ಬೇಯುವ ಊರು ಇದು, ಶರಣಬಸವೇಶ್ವರರ ದಾಸೋಹದ ಊರೂ ಹೌದು. ನಮ್ಮಲ್ಲಿ ಯಾರು ಏನು ತಿನ್ನುತ್ತಾರೆ ಎಂಬುದಕ್ಕೆ ಜಾತಿಯ ಅಂತಸ್ತು ಅಂಟಿಕೊಂಡಿದೆ, ಪರಿಸರದ ಹೆಸರಿನಲ್ಲಿ ಅದಕ್ಕೆ ಹೊಸ ಬಣ್ಣ ಬಳಿಯಬಾರದು. ವಾರಕ್ಕೊಮ್ಮೆ ಮಾಂಸ, ಉಳಿದ ದಿನ ರೊಟ್ಟಿ ಬೇಳೆ ತಿನ್ನುವ ಮನೆಯ ಹೊರೆ ದಿನಾ ಪನೀರ್, ಬಾಸ್ಮತಿ, ಸಿಹಿ ತಿನ್ನುವ ಮನೆಗಿಂತ ಕಡಿಮೆ ಇದ್ದರೆ ಆಶ್ಚರ್ಯವಿಲ್ಲ.

ಊಟದ ಮೇಲಿನ ಗಮನ

ಗಮನವಿಟ್ಟು ಉಣ್ಣುವುದು ಎಂಬ ಮಾತು ಈಗ ನಗರಗಳಲ್ಲಿ ಶಿಬಿರಗಳ ಸರಕಾಗಿದೆ. ಕಣ್ಣು ಮುಚ್ಚಿ ಒಂದು ಒಣದ್ರಾಕ್ಷಿಯನ್ನು ಹತ್ತು ನಿಮಿಷ ಚಪ್ಪರಿಸುವುದಕ್ಕಿಂತ ಎಳ್ಳ ಅಮಾವಾಸ್ಯೆಯ ಭಜ್ಜಿ ನನಗೆ ಹೆಚ್ಚು ಕಲಿಸುತ್ತದೆ. ಡಿಸೆಂಬರ್, ಜನವರಿಯ ಆ ಹೊತ್ತಿಗೆ ಹೊಲದಲ್ಲಿ ಏನೇನು ಹಸಿಯಾಗಿದೆಯೋ ಅದೆಲ್ಲ ಒಂದೇ ಪಾತ್ರೆಗೆ ಬೀಳುತ್ತದೆ: ತೊಗರಿಕಾಯಿ ಸುಲಿದ ಹಸಿಕಾಳು, ಅವರೆ, ಹಸಿ ಕಡಲೆ, ಬಟಾಣಿ, ಮೆಂತ್ಯ ಸೊಪ್ಪು, ಗಜ್ಜರಿ, ಬದನೆ, ಮೇಲೆ ಹುಣಸೆಹುಳಿ, ಗಟ್ಟಿಯಾಗಲು ಕಡಲೆಹಿಟ್ಟು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಜೊತೆಗೆ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಮೊದಲು ಭೂಮಿಗೆ ಚರಗ ಚೆಲ್ಲಿ, ಆಮೇಲೆ ಬಂದವರಿಗೆಲ್ಲ ಬಡಿಸಿ ಉಣ್ಣುತ್ತಾರೆ. ಉಣ್ಣುವವನ ಎದುರಿಗೇ ಬೆಳೆ ನಿಂತಿರುತ್ತದೆ, ಕೈಯಲ್ಲಿರುವುದು ಯಾವ ಸಾಲಿನದು ಎಂದು ಮಕ್ಕಳೂ ತೋರಿಸುತ್ತಾರೆ.

ದಿನದ ಊಟದಲ್ಲಿ ಅಷ್ಟೆಲ್ಲ ಆಗದು. ಆದರೆ ಒಣಗಿಸಿದ ಕಟಿ ರೊಟ್ಟಿ ತಾನಾಗಿಯೇ ನಮ್ಮನ್ನು ನಿಧಾನಿಸುತ್ತದೆ, ಅಗಿಯದೆ ಅದನ್ನು ನುಂಗುವಂತಿಲ್ಲ. ಹೊಟ್ಟೆ ತುಂಬಿದ ಸುದ್ದಿ ಮೆದುಳಿಗೆ ಮುಟ್ಟಲು ಹೆಚ್ಚುಕಡಿಮೆ ಇಪ್ಪತ್ತು ನಿಮಿಷ ಬೇಕೆನ್ನುತ್ತಾರೆ. ಮೆತ್ತಗಿನ ಅನ್ನ ಅಷ್ಟರೊಳಗೆ ಎರಡು ಸುತ್ತು ಒಳಗೆ ಹೋಗಿರುತ್ತದೆ. ಮೊಬೈಲ್ ಹಿಡಿದು ಉಣ್ಣುವವರಿಗಂತೂ ಎಷ್ಟು ಸುತ್ತಾಯಿತೆಂದೇ ತಿಳಿಯದು. ಎಲೆಯಲ್ಲಿ ಬಿಟ್ಟದ್ದರ ಲೆಕ್ಕವೂ ಗಮನಕ್ಕೇ ಸೇರಿದ್ದು. ವಿಶ್ವಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತು 105 ಕೋಟಿ ಟನ್ ಆಹಾರ ಚೆಲ್ಲಿದೆ, ಬಳಕೆದಾರರ ತನಕ ಬಂದದ್ದರಲ್ಲಿ ಸುಮಾರು ಐದರಲ್ಲೊಂದು ಪಾಲು. ಅದರಲ್ಲೂ ಹೆಚ್ಚು ಚೆಲ್ಲಿದ್ದು ಮನೆಗಳಲ್ಲೇ. ಬಸವಕಲ್ಯಾಣದ ಶರಣರ ದಾರಿಯಲ್ಲಿ ಊಟವನ್ನು ಪ್ರಸಾದವೆಂದು ಕರೆದು, ಬಡಿಸಿಕೊಂಡದ್ದನ್ನು ಬಿಡಬಾರದೆಂಬ ಶಿಸ್ತು ಬೆಳೆದು ಬಂದಿದೆ. ಅದೇ ಬೀದರ್ ಜಿಲ್ಲೆಯ ಇವತ್ತಿನ ಮದುವೆ ಮಂಟಪಗಳ ಹಿಂಬದಿಯನ್ನು ನೋಡಿದರೆ ಆ ಶಿಸ್ತು ಎಲ್ಲಿ ಹೋಯಿತೋ ಎನಿಸುತ್ತದೆ.

ಕೊನೆಗೆ ಯಾರೂ ಎತ್ತದ ಪ್ರಶ್ನೆ: ಜೋಳದ ರೊಟ್ಟಿಗೆ ಮರಳಿ ಎಂದು ಉಪದೇಶಿಸುವುದು ಸುಲಭ, ಬಡಿಯುವವರು ಯಾರು? ಜೋಳದ ಹಿಟ್ಟಿಗೆ ಗೋಧಿಯಂಥ ಜಿಗುಟಿಲ್ಲ. ಕುದಿನೀರು ಹಾಕಿ ನಾದಿ, ಕೈಯಲ್ಲಿ ತಟ್ಟಿ ತಟ್ಟಿ ಹಿಗ್ಗಿಸಬೇಕು, ಅದು ಒಲೆಯ ಮುಂದಿನ ಹೆಂಗಸಿನ ತೋಳಿನ ಕೆಲಸ. ಪಡಿತರದ ಅಕ್ಕಿ ಬಂದಾಗ ಅನೇಕ ಮನೆಗಳು ಅನ್ನಕ್ಕೆ ತಿರುಗಿದ್ದಕ್ಕೆ ಪುಕ್ಕಟೆ ಸಿಕ್ಕಿದ್ದೊಂದೇ ಕಾರಣವಲ್ಲ, ಆ ತೋಳಿಗೆ ಬಿಡುವು ಸಿಕ್ಕಿತು. ಈಗ ಮಹಿಳಾ ಸ್ವಸಹಾಯ ಸಂಘಗಳು ಕಲಬುರಗಿ ರೊಟ್ಟಿ ಎಂಬ ಹೆಸರಿನಲ್ಲಿ ರೊಟ್ಟಿ ಮಾಡಿ ಮಾರುತ್ತಿವೆ. ಅದೇ ಶ್ರಮಕ್ಕೆ ಅಲ್ಲಿ ಕೂಲಿ ಸಿಗುತ್ತದೆ, ಕಟಿ ರೊಟ್ಟಿಯಾದರೆ ವಾರಗಟ್ಟಲೆ ಕೆಡುವುದೂ ಇಲ್ಲ. ಅಷ್ಟೂ ಬೇಡವೆಂದರೆ, ರೊಟ್ಟಿ ಬಡಿಯಲು ಬಾರದ ಗಂಡಸರು ಜೋಳದ ನುಚ್ಚಿನಿಂದ ಶುರು ಮಾಡಬಹುದು. ರಾತ್ರಿ ನೆನೆಸಿಟ್ಟು, ಬೆಳಿಗ್ಗೆ ಒಂದಕ್ಕೆ ನಾಲ್ಕು ಪಾಲು ನೀರು, ಚಿಟಿಕೆ ಉಪ್ಪು ಹಾಕಿ ಕುಕ್ಕರಿನಲ್ಲಿ ನಾಲ್ಕೈದು ಸೀಟಿ ಕೂಗಿಸಿದರೆ ಸಾಕು. ಮಜ್ಜಿಗೆ ಹಾಕಿಕೊಂಡು, ಪಕ್ಕಕ್ಕೆ ಗುರೆಳ್ಳು ಹಿಂಡಿ ಇಟ್ಟುಕೊಂಡು ಉಣ್ಣಬಹುದು.